ಸಾಫ್ಟ್‌ವೇರ್ ಕೊಟ್ಟ ಆಕಾರ ಪ್ರಿಂಟರ್‌ಗೆ ಯಾಕೆ ಒಗ್ಗಲಿಲ್ಲ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಸೈನ್ ಎಂಜಿನಿಯರ್. ಒಂದು ಮೋಟಾರನ್ನು ಫ್ರೇಮಿಗೆ ಹಿಡಿದಿಡುವ ಎಲ್ ಆಕಾರದ ಅಲ್ಯೂಮಿನಿಯಂ ಬ್ರಾಕೆಟ್ ನಮ್ಮಲ್ಲಿತ್ತು. ಕೆಳಗಿನ ತೋಳಿಗೆ ನಾಲ್ಕು ಬೋಲ್ಟ್, ನೆಟ್ಟಗಿರುವ ತೋಳಿಗೆ ಮೋಟಾರ್. ತೂಕ 840 ಗ್ರಾಂ. ಟೋಪೋಲಜಿ ಆಪ್ಟಿಮೈಸೇಶನ್ (ಲೋಹ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಸಾಫ್ಟ್‌ವೇರೇ ಲೆಕ್ಕ ಹಾಕಿ ಆಕಾರ ಕೊಡುವುದು) ಮಾಡಿ ಅದನ್ನು 310 ಗ್ರಾಂಗೆ ಇಳಿಸಿದೆ. ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ಲೇಸರ್ ಪೌಡರ್ ಬೆಡ್ ಯಂತ್ರದಲ್ಲಿ (ಲೋಹದ ಪುಡಿಯನ್ನು ಪದರ ಪದರವಾಗಿ ಹರಡಿ ಲೇಸರಿನಿಂದ ಕರಗಿಸುವ 3ಡಿ ಪ್ರಿಂಟರ್) ಪ್ರಿಂಟ್ ಮಾಡಲು ಕೊಟ್ಟರೆ, ಭಾಗವನ್ನು ಹಿಡಿದಿಟ್ಟು ಆಮೇಲೆ ಕಿತ್ತು ಎಸೆಯುವ ಸಪೋರ್ಟೇ 190 ಗ್ರಾಂ ಬೇಕು, ಕೆಲವು ಕಡೆ ಅದನ್ನು ಕೀಳಲು ಇಕ್ಕಳವೂ ಒಳಗೆ ಹೋಗಲ್ಲ ಅಂದರು. ಹಾಗೂ ಹೀಗೂ ಒಂದು ಪ್ರಿಂಟ್ ಆಯಿತು. ಅದು ಅಂಟಿಕೊಂಡು ಬೆಳೆದ ಅಡಿಯ ಪ್ಲೇಟಿನಿಂದ ಕತ್ತರಿಸಿದ ಕೂಡಲೇ ಬಾಗಿತು, ಬೋಲ್ಟ್ ತೂತುಗಳು ಅರ್ಧ ಮಿಲಿಮೀಟರ್ ಆಚೀಚೆ ಆದವು. ಅದನ್ನೇ ಹೇಗೋ ಕೂರಿಸಿ ಕಂಪನ ಪರೀಕ್ಷೆಗೆ ಹಾಕಿದೆವು. ಒಂದು ಕಾಲು ಬಿರುಕು ಬಿಟ್ಟಿತು. ಚಿತ್ರ ಕಳಿಸಿದ್ದೇನೆ. ತಪ್ಪು ಸಾಫ್ಟ್‌ವೇರಿನದಾ, ಪ್ರಿಂಟ್ ಮಾಡಿದವರದಾ, ನನ್ನದಾ? ಟೈಟಾನಿಯಂಗೆ ಬದಲಾಯಿಸಲಾ? ಒಳಗೆ ಲ್ಯಾಟಿಸ್ (ಸಣ್ಣ ಸರಳುಗಳ ಜಾಲರಿ) ತುಂಬಿದರೆ ಇನ್ನೂ ಹಗುರ ಆಗಲ್ವಾ?

ಉತ್ತರ: ಹೆಚ್ಚಿನ ಪಾಲು ನಿಮ್ಮದೇ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ಬ್ರಾಕೆಟ್ಟಿನ ಕತೆ ಇದಕ್ಕಿಂತ ಕೆಟ್ಟದಾಗಿದೆ, ಮುಂದೆ ಹೇಳುತ್ತೇನೆ. ಸಾಫ್ಟ್‌ವೇರ್ ನೀವು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದೆ. ಆದರೆ ನೀವು ಕೇಳಿದ್ದು ಅರ್ಧ ಪ್ರಶ್ನೆ. ಈ ಲೋಡನ್ನು ಇಷ್ಟೇ ಲೋಹದಲ್ಲಿ ಹೊರುವ ಅತ್ಯಂತ ಬಿಗಿಯಾದ ಆಕಾರ ಯಾವುದು ಎಂದು ಕೇಳಿದಿರಿ. ಇದನ್ನು ಯಾವ ಭಂಗಿಯಲ್ಲಿ ಪ್ರಿಂಟ್ ಮಾಡುತ್ತಾರೆ, ಸಪೋರ್ಟ್ ಹೇಗೆ ಕೀಳುತ್ತಾರೆ, ಯಾವ ಮುಖ ಆಮೇಲೆ ಮೆಷಿನ್ ಆಗಬೇಕು (ಕೊರೆದು ಅಳತೆಗೆ ಬರಬೇಕು), ಜೋಡಿಸುವವರು ಎಲ್ಲಿ ಕೈ ಹಾಕಿ ಎತ್ತುತ್ತಾರೆ ಎಂದು ಅದಕ್ಕೆ ಹೇಳಲೇ ಇಲ್ಲ. ಹೇಳದ ವಿಷಯ ಅದರ ಪಾಲಿಗೆ ಇಲ್ಲವೇ ಇಲ್ಲ.

ಅದು ಒಳಗೆ ಏನು ಮಾಡುತ್ತದೆ ಅಂತ ಚುಟುಕಾಗಿ ನೋಡೋಣ. ಮಿಕ್ಕಿದ್ದು ಆಮೇಲೆ ಸುಲಭ. ಲೋಹವನ್ನು ಎಲ್ಲಿ ಇಟ್ಟರೆ ಕಡಿಮೆ ಸಾಕು ಎಂಬ ಪ್ರಶ್ನೆ ಹಳೆಯದು. ಮೆಲ್ಬರ್ನಿನ ಎಂಜಿನಿಯರ್ ಆಂಟನಿ ಮಿಚೆಲ್ 1904ರಲ್ಲೇ ಇದರ ಮೇಲೆ ಒಂದು ಲೇಖನ ಬರೆದಿದ್ದರು. ಅತಿ ಕಡಿಮೆ ಲೋಹದ ಚೌಕಟ್ಟಿನಲ್ಲಿ ಎಳೆತ ಹೊರುವ ಸರಳುಗಳೂ ಒತ್ತಡ ಹೊರುವ ಸರಳುಗಳೂ ಒಂದನ್ನೊಂದು ಲಂಬವಾಗಿ ದಾಟುತ್ತವೆ ಎಂದು ತೋರಿಸಿದರು. ಇದನ್ನು ಕಂಪ್ಯೂಟರಿಗೆ ಒಪ್ಪಿಸುವ ದಾರಿ ತೆರೆದದ್ದು 1988ರಲ್ಲಿ, ಬೆಂಡ್ಸೋ ಮತ್ತು ಕಿಕುಚಿ ಎಂಬ ಸಂಶೋಧಕರು ಬರೆದ ಲೇಖನದಿಂದ. ಇವತ್ತು ಬಹಳಷ್ಟು ಸಾಫ್ಟ್‌ವೇರ್‌ಗಳು ಬಳಸುವ ಉಪಾಯ ಹೀಗಿದೆ. ಜಾಗವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಹೋಳು ಮಾಡಿ, ಪ್ರತಿ ಹೋಳಿಗೂ 0ಯಿಂದ 1ರ ತನಕ ಒಂದು ಸಾಂದ್ರತೆ ಕೊಡುತ್ತಾರೆ. ಬಿಗಿತವನ್ನು ಆ ಸಾಂದ್ರತೆಯ ಘನಕ್ಕೆ ಕಟ್ಟಿಹಾಕುತ್ತಾರೆ. ಅಂದರೆ ಅರ್ಧ ಲೋಹ ಇರುವ ಹೋಳಿಗೆ ಅರ್ಧ ಬಿಗಿತ ಸಿಗುವುದಿಲ್ಲ, ಬರೀ ಎಂಟನೇ ಒಂದು ಭಾಗ ಸಿಗುತ್ತದೆ. ಅರೆಬರೆ ಲೋಹ ಇಟ್ಟುಕೊಳ್ಳುವುದು ನಷ್ಟದ ವ್ಯಾಪಾರ ಆಗುವುದರಿಂದ ಹೋಳುಗಳು ನಿಧಾನಕ್ಕೆ ಪೂರ್ತಿ ತುಂಬುವ ಕಡೆಗೋ ಪೂರ್ತಿ ಖಾಲಿಯಾಗುವ ಕಡೆಗೋ ಸರಿಯುತ್ತವೆ. ಓಲೆ ಸಿಗ್ಮಂಡ್ ಎಂಬ ಸಂಶೋಧಕರು 2001ರಲ್ಲಿ ಇದನ್ನೆಲ್ಲ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರಿನ 99 ಸಾಲುಗಳಲ್ಲಿ ಬರೆದು ತೋರಿಸಿದರು. ಒಂದು ಸಂಜೆ ಕೂತು ಅದನ್ನು ಓಡಿಸಿ ನೋಡಿ. ದುಬಾರಿ ಸಾಫ್ಟ್‌ವೇರಿನ ಬಣ್ಣದ ಚಿತ್ರಗಳಿಗಿಂತ ಜಾಸ್ತಿ ಕಲಿಯುತ್ತೀರಿ.

ಇಲ್ಲಿ ಗಮನಿಸಬೇಕಾದದ್ದು, ಇದು ಹುಡುಕುವುದು ಬಿಗಿತವನ್ನು. ತಾಕತ್ತನ್ನಲ್ಲ, ಆಯಸ್ಸನ್ನೂ ಅಲ್ಲ. ನೀವು "ಲೋಹದ ಪ್ರಮಾಣ ಶೇ. 37 ಇರಲಿ, ಬಿಗಿತ ಗರಿಷ್ಠ ಇರಲಿ" ಎಂದು ಕೇಳಿದ್ದೀರಿ. ಅದು ಆ ಶೇ. 37ರೊಳಗೆ ಸಿಗುವ ಗರಿಷ್ಠವನ್ನು ಕೊಟ್ಟಿತು. ಹಳೆಯ ಬ್ರಾಕೆಟ್ಟಿನಷ್ಟೇ ಬಿಗಿ ಇರುತ್ತದೆ ಎಂದು ಅದು ಮಾತು ಕೊಟ್ಟಿರಲಿಲ್ಲ. ಮೋಟಾರಿನ ತೂಕದ ಮುಂದೆ ಬ್ರಾಕೆಟ್ಟಿನ ತೂಕ ಪುಟಗೋಸಿ. ಹಾಗಾಗಿ ಬ್ರಾಕೆಟ್ ಹಗುರಾದದ್ದರಿಂದ ಸಹಜ ಕಂಪನದ ಆವರ್ತನ ಏರುವುದಿಲ್ಲ, ಬಿಗಿತ ಇಳಿದದ್ದರಿಂದ ಇಳಿಯುತ್ತದೆ. ಬಿಗಿತ ಅರ್ಧವಾದರೆ ಆವರ್ತನ ಹಳೆಯದರ ಶೇ. 71ರಷ್ಟಕ್ಕೆ ಬರುತ್ತದೆ. ಅದು ನೇರ ಮೋಟಾರಿನ ವೇಗದ ಪಟ್ಟಿಯೊಳಗೆ ಬಿದ್ದರೆ ಕಾಲು ಬಿರುಕು ಬಿಡದೆ ಇನ್ನೇನು ಮಾಡುತ್ತದೆ? ಮುಂದಿನ ಸಲ ಪ್ರಶ್ನೆಯನ್ನು ತಿರುವಿ ಕೇಳಿ. ಮೊದಲ ಆವರ್ತನ ಇಷ್ಟಕ್ಕಿಂತ ಕೆಳಗಿಳಿಯಕೂಡದು, ಮೋಟಾರ್ ಮುಖ ಇಷ್ಟಕ್ಕಿಂತ ಜಾಸ್ತಿ ಓಲಾಡಕೂಡದು, ಈ ಶರತ್ತಿನಲ್ಲಿ ತೂಕ ಎಷ್ಟು ಇಳಿಯುತ್ತದೆ ಅಂತ. ಉತ್ತರ 310 ಬರುವುದಿಲ್ಲ. 420 ಬರಬಹುದು, 450 ಬರಬಹುದು. ಆದರೆ ಅದು ಕೆಲಸ ಮಾಡುವ 450.

ಇನ್ನು ಲೋಡುಗಳು. ನನ್ನ ಪ್ರಕಾರ ಇಡೀ ಕೆಲಸದ ಅರ್ಧ ಸಮಯ ಇಲ್ಲೇ ಹೋಗಬೇಕು. ಬಹಳ ಜನ ಅರ್ಧ ದಿನವನ್ನೂ ಕೊಡುವುದಿಲ್ಲ.

ನನ್ನ ಮೊದಲ ಬ್ರಾಕೆಟ್‌ಗೆ ನಾನು ಒಂದೇ ಒಂದು ಲೋಡ್ ಕೊಟ್ಟಿದ್ದೆ, ಮೇಲಿನಿಂದ ಕೆಳಕ್ಕೆ. ತೂಕ ಮೂರನೇ ಒಂದಕ್ಕೆ ಇಳಿಯಿತು. ಪರೀಕ್ಷೆಯಲ್ಲೂ ಗೆದ್ದಿತು. ಜೋಡಣೆಯ ದಿನ ಫಿಟ್ಟರ್ ಒಬ್ಬರು ಅದರ ತೆಳ್ಳನೆ ಕಾಲನ್ನೇ ಹಿಡಿಕೆ ಅಂದುಕೊಂಡು ಇಡೀ ಜೋಡಣೆಯನ್ನು ಎತ್ತಿದರು. ಹನ್ನೆರಡು ಕಿಲೋ. ಕಾಲು ಪಕ್ಕಕ್ಕೆ ಮಡಿಸಿಕೊಂಡಿತು. ಅವರದೇನೂ ತಪ್ಪಿರಲಿಲ್ಲ, ಹಿಡಿಕೆಯ ಹಾಗೆ ಕಾಣುವುದನ್ನು ಯಾರಾದರೂ ಹಿಡಿಯುತ್ತಾರೆ. ಆವತ್ತಿನಿಂದ ನನ್ನ ಪ್ರತಿ ಡಿಸೈನಿನಲ್ಲೂ "ಕೈ ಲೋಡ್" ಅಂತ ಒಂದು ಇರುತ್ತದೆ. ಕೈಗೆ ಸಿಗುವ ಪ್ರತಿ ಸರಳೂ ಯಾವ ದಿಕ್ಕಿನಿಂದ ಬಂದರೂ 250 ನ್ಯೂಟನ್ ತಡೆಯಬೇಕು. ಇದು ಯಾವ ಮಾನಕದಲ್ಲೂ ಇಲ್ಲ, ನಾನೇ ಇಟ್ಟುಕೊಂಡ ಲೆಕ್ಕ.

ಒಂದೇ ಲೋಡ್ ಕೊಟ್ಟರೆ ಯಾಕೆ ಹೀಗಾಗುತ್ತದೆ? ಆಪ್ಟಿಮೈಸರ್ ಆ ಲೋಡಿನ ದಾರಿಯಲ್ಲಿ ಇಲ್ಲದ ಪ್ರತಿ ಕಣವನ್ನೂ ಕಿತ್ತುಹಾಕುತ್ತದೆ. ಹಳೆಯ ದಪ್ಪ ಬ್ರಾಕೆಟ್ ದಡ್ಡತನದಿಂದಲೇ ಬಚಾವಾಗಿತ್ತು. ಯಾರೂ ಲೆಕ್ಕ ಹಾಕದ ಹತ್ತಾರು ಲೋಡುಗಳನ್ನು ಅದು ಸುಮ್ನೆ ಹೊತ್ತುಕೊಂಡಿತ್ತು. ನೀವು ಆ ದಡ್ಡ ಲೋಹವನ್ನು ತೆಗೆದಿರಿ ಅಂದರೆ, ಅದು ಮಾಡುತ್ತಿದ್ದ ಕೆಲಸಗಳ ಪಟ್ಟಿಯನ್ನು ನೀವೇ ಬರೆಯಬೇಕು. ಬೋಲ್ಟ್ ಬಿಗಿಯುವಾಗಿನ ಲೋಡ್, ಮೋಟಾರ್ ಥಟ್ಟನೆ ನಿಂತಾಗಿನ ತಿರುಚು, ಸಾಗಿಸುವಾಗ ಬೀಳುವ ಪೆಟ್ಟು, ಬಿಸಿಯಾಗಿ ಹಿಗ್ಗಿದಾಗಿನ ಎಳೆತ, ಕೇಬಲ್ ಎಳೆಯುವುದು. ಜಿಇ ಕಂಪನಿ 2013ರಲ್ಲಿ ಗ್ರ್ಯಾಬ್‌ಕ್ಯಾಡ್ ಎಂಬ ಎಂಜಿನಿಯರುಗಳ ಜಾಲತಾಣದ ಮೂಲಕ ಜೆಟ್ ಎಂಜಿನ್ನಿನ ಒಂದು ಬ್ರಾಕೆಟ್ ಹಗುರ ಮಾಡುವ ಸ್ಪರ್ಧೆ ಇಟ್ಟಿತ್ತು. ಸುಮಾರು 700 ವಿನ್ಯಾಸಗಳು ಬಂದವು. ಗೆದ್ದದ್ದು ಇಂಡೊನೇಷ್ಯಾದ ಒಬ್ಬ ಎಂಜಿನಿಯರ್. 2,033 ಗ್ರಾಂ ಇದ್ದುದನ್ನು 327 ಗ್ರಾಂಗೆ ಇಳಿಸಿದ್ದರು. ಎಲ್ಲರೂ ಆ ಶೇ. 84ರ ಉಳಿತಾಯವನ್ನೇ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಸ್ಪರ್ಧೆಯವರು ನಾಲ್ಕು ಲೋಡುಗಳನ್ನು ಮೊದಲೇ ಬರೆದು ಕೊಟ್ಟಿದ್ದರು: ನೆಟ್ಟಗೆ ಒಂದು, ಅಡ್ಡ ಒಂದು, ಓರೆಯಾಗಿ ಒಂದು, ತಿರುಚು ಒಂದು. ಜಾಗದ ಎಲ್ಲೆಯನ್ನೂ ಗೀಚಿ ಕೊಟ್ಟಿದ್ದರು. ಅಷ್ಟು ಸ್ಪಷ್ಟವಾಗಿ ನಿಮಗೆ ಯಾರೂ ಬರೆದುಕೊಟ್ಟಿಲ್ಲ, ಅಲ್ವಾ? ಅದನ್ನು ಬರೆಯುವುದೇ ನಿಮ್ಮ ಮೊದಲ ಕೆಲಸ.

ಬೋಲ್ಟ್ ತೂತುಗಳ ಬಗ್ಗೆ ಒಂದು ಮಾತು. ಬಹುಶಃ ನೀವು ತೂತಿನ ಒಳಮೈಯನ್ನು ಪೂರ್ತಿ "ಫಿಕ್ಸ್" ಮಾಡಿರುತ್ತೀರಿ. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಹಾಗೆ ಮಾಡಿದರೆ ತೂತಿನ ಗೋಡೆ ಒತ್ತನ್ನೂ ಎಳೆತವನ್ನೂ ಎರಡೂ ಕಡೆಯಿಂದ ಹೊರುತ್ತದೆ ಎಂದು ಸಾಫ್ಟ್‌ವೇರ್ ನಂಬುತ್ತದೆ. ನಿಜವಾದ ಬೋಲ್ಟ್ ತೂತಿನ ಗೋಡೆಗೆ ಅಂಟಿಕೊಂಡಿರುವುದಿಲ್ಲ. ಅದು ತಲೆಯ ಕೆಳಗೆ ಅದುಮುತ್ತದೆ, ಲೋಡು ಹೆಚ್ಚುಕಡಿಮೆ ಎರಡು ಮುಖಗಳ ಘರ್ಷಣೆಯಲ್ಲಿ ದಾಟುತ್ತದೆ. ಫಿಕ್ಸ್ ಮಾಡಿದ ಮಾದರಿಯಲ್ಲಿ ನಾಲ್ಕು ಬೋಲ್ಟುಗಳ ಪೈಕಿ ಎರಡರ ಹತ್ತಿರ ಲೋಹವೇ ಉಳಿಯದೆ ಹೋಗುವುದನ್ನು ನೋಡಿದ್ದೇನೆ. ಪ್ರತಿ ಬೋಲ್ಟಿನ ಸುತ್ತ ವಾಷರಿಗಿಂತ ತುಸು ದೊಡ್ಡದಾದ ಒಂದು ಉಂಗುರವನ್ನು "ಮುಟ್ಟಬೇಡ" ಎಂದು ಗುರುತು ಮಾಡಿ. ಫ್ರೇಮು ಕೂಡ ಬಂಡೆಯಲ್ಲ, ಅದಕ್ಕೂ ಸ್ವಲ್ಪ ಸ್ಪ್ರಿಂಗ್ ಗುಣ ಕೊಡಿ. ಆಕಾರ ಎಷ್ಟು ಬದಲಾಗುತ್ತದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಈಗ ಪ್ರಿಂಟ್ ಭಂಗಿಗೆ ಬರೋಣ. 190 ಗ್ರಾಂ ಸಪೋರ್ಟಿನ ಮೂಲ ಇಲ್ಲಿದೆ. ಆಕಾರ ಮುಗಿದ ಮೇಲೆ ಭಂಗಿ ಹುಡುಕುವುದು ಕ್ರಮ ತಪ್ಪಿದ ಕೆಲಸ. ಭಂಗಿ ಮೊದಲು, ಆಕಾರ ಆಮೇಲೆ.

ಸಪೋರ್ಟ್ ಯಾಕೆ ಬೇಕು ಎಂಬುದೇ ಹಲವರಿಗೆ ತಪ್ಪಾಗಿ ಗೊತ್ತಿರುತ್ತದೆ. ಮನೆಯ ಮೇಜಿನ ಮೇಲಿನ ಪ್ಲಾಸ್ಟಿಕ್ ಪ್ರಿಂಟರಿನಲ್ಲಿ ಅದು ಊರುಗೋಲು, ಕೆಳಕ್ಕೆ ಜೋತುಬೀಳದಂತೆ ಹಿಡಿಯುತ್ತದೆ. ಲೋಹದ ಪುಡಿಯಲ್ಲಿ ಅದರ ಕೆಲಸ ಜಾಸ್ತಿ. ಒಂದು, ಕರಗಿದ ಲೋಹದ ಬಿಸಿಯನ್ನು ಕೆಳಕ್ಕೆ ಸಾಗಿಸುವುದು. ಪುಡಿ ಬಿಸಿಯನ್ನು ಸರಿಯಾಗಿ ಸಾಗಿಸುವುದಿಲ್ಲ. ಕೆಳಗೆ ಬರೀ ಪುಡಿ ಇದ್ದರೆ ಲೇಸರ್ ಬಿದ್ದ ಜಾಗ ಅತಿಯಾಗಿ ಕಾದು, ಕರಗಿದ ಲೋಹ ಪುಡಿಯೊಳಗೆ ಇಳಿದು, ಅಡಿಮುಖ ಗಂಟು ಗಂಟಾಗುತ್ತದೆ. ಎರಡನೆಯದು, ಹಿಡಿದೆಳೆಯುವುದು. ಪ್ರತಿ ಪದರ ಆರುವಾಗ ಕುಗ್ಗುತ್ತದೆ, ಕೆಳಗಿನ ಗಟ್ಟಿ ಪದರ ಅದನ್ನು ಕುಗ್ಗಲು ಬಿಡುವುದಿಲ್ಲ. ಹಾಗಾಗಿ ಅಂಚುಗಳು ಮೇಲಕ್ಕೆ ಸುರುಳಿಯಾಗಲು ಹವಣಿಸುತ್ತವೆ. ಸಪೋರ್ಟ್ ಅದನ್ನು ಪ್ಲೇಟಿಗೆ ಕಟ್ಟಿಹಾಕುತ್ತದೆ. ಹಾಗಾಗಿ ಸಪೋರ್ಟ್ ಅಂದರೆ ಅರ್ಧ ರೇಡಿಯೇಟರ್, ಅರ್ಧ ಹಗ್ಗ.

45 ಡಿಗ್ರಿ ನಿಯಮವನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಯಾಕೆ ಎಂದು ಕೇಳುವವರು ಕಡಿಮೆ. ಲೆಕ್ಕ ಹಾಕಿ. ಪದರ 40 ಮೈಕ್ರಾನ್ ಇರಲಿ. ಮುಖ ಪ್ಲೇಟಿಗೆ 45 ಡಿಗ್ರಿ ಇದ್ದರೆ ಪ್ರತಿ ಪದರ ಕೆಳಗಿನದಕ್ಕಿಂತ 40 ಮೈಕ್ರಾನ್ ಹೊರಕ್ಕೆ ಚಾಚುತ್ತದೆ. 30 ಡಿಗ್ರಿಗೆ ಇಳಿದರೆ 69 ಮೈಕ್ರಾನ್. 15 ಡಿಗ್ರಿಯಾದರೆ ಸುಮಾರು 150. ಲೇಸರಿನ ಕರಗಿದ ಹೊಂಡದ ಅಗಲವೇ ಹೆಚ್ಚುಕಡಿಮೆ ಇಷ್ಟು. ಆ ಹೊತ್ತಿಗೆ ಇಡೀ ಗೆರೆ ಪುಡಿಯ ಮೇಲೆ ತೇಲುತ್ತಿರುತ್ತದೆ. ಆದ್ದರಿಂದ 45 ಅನ್ನುವುದು ಗೋಡೆಯಲ್ಲ, ಜಾರುಬಂಡೆ. 40ರಲ್ಲಿ ಒರಟಾಗುತ್ತದೆ, 30ರಲ್ಲಿ ಕಷ್ಟ, 15ರಲ್ಲಿ ಆಗುವುದಿಲ್ಲ. ಲೋಹ, ಯಂತ್ರ, ಪದರದ ದಪ್ಪ ಬದಲಾದಂತೆ ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತದೆ.

ಈ ಮಾತೆಲ್ಲ ಲೇಸರ್ ಪೌಡರ್ ಬೆಡ್ ಬಗ್ಗೆ. ಎಲೆಕ್ಟ್ರಾನ್ ಕಿರಣದ ಯಂತ್ರದಲ್ಲಿ ಪುಡಿಯನ್ನೇ ಮೊದಲು ನೂರಾರು ಡಿಗ್ರಿಗೆ ಕಾಯಿಸುತ್ತಾರೆ, ಬಾಗುವ ಕಾಟ ಬಹಳ ಕಡಿಮೆ. ನೈಲಾನ್ ಪುಡಿಯ ಯಂತ್ರಕ್ಕೆ ಸಪೋರ್ಟೇ ಬೇಡ, ಸುತ್ತಲಿನ ಪುಡಿಯೇ ಹಿಡಿದುಕೊಳ್ಳುತ್ತದೆ. ಯಾವ ಯಂತ್ರ ಎಂದು ತಿಳಿಯದೆ ಡಿಸೈನ್ ಶುರು ಮಾಡಲೇಬೇಡಿ.

ನಿಮ್ಮ ಬ್ರಾಕೆಟ್ಟನ್ನೇ ತೆಗೆದುಕೊಳ್ಳೋಣ. ನೀವು ಕಳಿಸಿದ ಚಿತ್ರದಲ್ಲಿ ಬೋಲ್ಟಿನ ತೋಳು ಪ್ಲೇಟಿನ ಮೇಲೆ ಮಲಗಿದೆ, ಮೋಟಾರ್ ತೋಳು ನೆಟ್ಟಗೆ ನಿಂತಿದೆ, ನಡುವೆ ಕೊಂಬೆಗಳು ಕವಲೊಡೆದು ಹರಡಿವೆ. ಅರ್ಧದಷ್ಟು ಕವಲುಗಳು 30 ಡಿಗ್ರಿಗಿಂತ ಕೆಳಗಿವೆ. ಒಂದೊಂದರ ಕೆಳಗೂ ಸಪೋರ್ಟ್, ಆ ಸಪೋರ್ಟ್ ಕೆಳಗಿನ ಇನ್ನೊಂದು ಕವಲಿನ ಮೇಲೆ ಕೂತಿದೆ. ಕೀಳಲು ಆಗಲ್ಲ ಎಂದವರು ಸರಿಯಾಗಿಯೇ ಹೇಳಿದ್ದಾರೆ. ಇಂಥ ಕಡೆ ಹಲವರು ಮೂಲೆಯನ್ನು ಕೆಳಗೆ ಮಾಡಿ ಬ್ರಾಕೆಟ್ಟನ್ನು ವಿ ಆಕಾರದಲ್ಲಿ ನಿಲ್ಲಿಸುತ್ತಾರೆ, ಎರಡೂ ತೋಳು 45 ಡಿಗ್ರಿಯಲ್ಲಿ ಎದ್ದು ಬರುತ್ತವೆ ಎಂಬ ಆಸೆಯಲ್ಲಿ. ತೋಳುಗಳೇನೋ ಚೆನ್ನಾಗಿ ಬರುತ್ತವೆ. ಆದರೆ ಎರಡನ್ನೂ ಸೇರಿಸುವ ಓರೆ ಕಂಬ ಆಗ ಪೂರ್ತಿ ಅಡ್ಡಡ್ಡ ಆಗಿಬಿಡುತ್ತದೆ. ಅಂದರೆ ಬ್ರಾಕೆಟ್ಟಿನಲ್ಲಿ ಅತಿ ಮುಖ್ಯ ಸರಳಿಗೇ ಅತಿ ಕೆಟ್ಟ ಕೋನ.

ನಾನಾಗಿದ್ದರೆ ಅದನ್ನು ಪಕ್ಕಕ್ಕೆ ಮಲಗಿಸುತ್ತೇನೆ. ಎಲ್ ಅಕ್ಷರವನ್ನು ಕಾಗದದ ಮೇಲೆ ಬರೆದ ಹಾಗೆ ಪ್ಲೇಟಿನ ಮೇಲೆ ಇಡುವುದು. ಆಗ ಎರಡು ತೋಳೂ ನಡುವಿನ ಕೊಂಬೆಗಳೂ ಪ್ರತಿ ಪದರದಲ್ಲಿ ಬರೆಯುವ ರೇಖಾಚಿತ್ರ ಆಗುತ್ತವೆ. ಒಂದರ ಮೇಲೊಂದು ಅದೇ ಚಿತ್ರ, ಅಲ್ಪ ಸ್ವಲ್ಪ ಬದಲಾವಣೆಯೊಂದಿಗೆ. ಜೋತುಬೀಳುವುದು ಅಂತ ಹೆಚ್ಚೇನೂ ಉಳಿಯುವುದಿಲ್ಲ. ಲಾಭ ಇನ್ನೂ ಎರಡಿವೆ. ಬಾಗುವಿಕೆಯಿಂದ ಬರುವ ಮುಖ್ಯ ಎಳೆತ ಪದರದ ಉದ್ದಕ್ಕೆ ಹರಿಯುತ್ತದೆ, ಪದರಗಳನ್ನು ಬೇರ್ಪಡಿಸುವ ಹಾಗೆ ಅಡ್ಡಕ್ಕಲ್ಲ. ಎತ್ತರವೂ ಕಡಿಮೆಯಾಗುತ್ತದೆ. ಎತ್ತರ ಅಂದರೆ ಸಮಯ: 100 ಮಿಲಿಮೀಟರ್ ಎತ್ತರಕ್ಕೆ 40 ಮೈಕ್ರಾನಿನ 2,500 ಪದರ ಬೇಕು. ಪ್ರತಿ ಸಲ ಪುಡಿ ಹರಡಲು ಹತ್ತು ಸೆಕೆಂಡ್ ಅಂದರೂ, ಲೇಸರ್ ಒಮ್ಮೆಯೂ ಉರಿಯದೆ ಏಳು ಗಂಟೆ ಖರ್ಚು. ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ಬೋಲ್ಟ್ ತೂತುಗಳು ಅಡ್ಡಡ್ಡ ಆಗುತ್ತವೆ. ಅವುಗಳನ್ನು ಪ್ರಿಂಟ್ ಮಾಡುವುದೇ ಬೇಡ, ಗಟ್ಟಿಯಾಗಿ ಬಿಟ್ಟು ಆಮೇಲೆ ಡ್ರಿಲ್ ಮಾಡಿ. ಮೋಟಾರಿನ ನಡುವಿನ ದೊಡ್ಡ ತೂತಿಗೆ ಮೇಲ್ಗಡೆ ನೀರಿನ ಹನಿಯ ಹಾಗೆ ಚೂಪು ತುದಿ ಕೊಡಿ. ಆರೆಂಟು ಮಿಲಿಮೀಟರಿನ ತನಕ ದುಂಡು ತೂತು ತನ್ನಷ್ಟಕ್ಕೆ ನಿಲ್ಲುತ್ತದೆ, ಅದಕ್ಕಿಂತ ದೊಡ್ಡದಾದರೆ ಚಾವಣಿ ಕುಸಿಯುತ್ತದೆ.

ಭಂಗಿ ನಿರ್ಧಾರ ಆದ ಮೇಲೆ ಆಪ್ಟಿಮೈಸರಿಗೆ ಅದನ್ನು ತಿಳಿಸಿ. ಈಗಿನ ಹಲವು ಸಾಫ್ಟ್‌ವೇರ್‌ಗಳಲ್ಲಿ ಓವರ್‌ಹ್ಯಾಂಗ್ (ಕೆಳಗೆ ಆಧಾರವಿಲ್ಲದೆ ಹೊರಚಾಚುವುದು) ನಿರ್ಬಂಧ ಹಾಕಬಹುದು, ಸರಳಿನ ಕನಿಷ್ಠ ದಪ್ಪವನ್ನೂ ಹೇಳಬಹುದು. ಆದರೆ ನಿರ್ಬಂಧವನ್ನು ಕುರುಡಾಗಿ ಪೂರ್ತಿ ಬಿಗಿ ಮಾಡಬೇಡಿ. ಒಂದು ಸಪೋರ್ಟೂ ಬೇಡ ಎಂದು ಹಟ ಹಿಡಿದರೆ ಅದು ಭಾಗದೊಳಗೇ ಊರುಗೋಲು ಬೆಳೆಸಿಕೊಳ್ಳುತ್ತದೆ. ಆ ತೂಕ ಬ್ರಾಕೆಟ್ ಬದುಕಿರುವಷ್ಟು ದಿನ ನಿಮ್ಮ ಜೊತೆಗೇ ಇರುತ್ತದೆ. ಹೊರಗಡೆಯಿಂದ ಕೈಗೆ ಸಿಗುವ ನಾಲ್ಕು ಸಪೋರ್ಟನ್ನು ಕಿತ್ತು ಎಸೆಯುವುದು ಎಷ್ಟೋ ಸಲ ಅಗ್ಗ. ನನ್ನ ಅಳತೆಗೋಲು ಇಷ್ಟೇ: ಬೆರಳು ಮತ್ತು ಇಕ್ಕಳ ತಲುಪುವ ಕಡೆ ಸಪೋರ್ಟ್ ಇರಲಿ, ತಲುಪದ ಕಡೆ ಬೇಡವೇ ಬೇಡ.

ಆಪ್ಟಿಮೈಸರ್ ಕೊಟ್ಟ ಮೆಶ್‌ಅನ್ನು (ಹೋಳುಗಳಿಂದಾದ ಒರಟು ಆಕಾರವನ್ನು) ನಯ ಮಾಡಿ ನೇರ ಪ್ರಿಂಟಿಗೆ ಕಳಿಸುವ ಅಭ್ಯಾಸ ಬಿಡಿ. ಅದು ಕರಡು. ಅರೆಬರೆ ಸಾಂದ್ರತೆ ಉಳಿದ ಬೂದು ಬಣ್ಣದ ಹೋಳುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬ ಗೆರೆ 0.3ರಲ್ಲೋ 0.5ರಲ್ಲೋ ಎಳೆದದ್ದಕ್ಕೇ ಒಂದು ಕಾಲು ಇರುವುದೂ ಇಲ್ಲದಿರುವುದೂ ತೀರ್ಮಾನ ಆಗಿಬಿಡುತ್ತದೆ. ಆ ಕರಡನ್ನು ಪಕ್ಕದಲ್ಲಿಟ್ಟುಕೊಂಡು ಸಿಎಡಿಯಲ್ಲಿ (ಕಂಪ್ಯೂಟರ್ ಡಿಸೈನ್ ಸಾಫ್ಟ್‌ವೇರ್) ಹೊಸದಾಗಿ ಕಟ್ಟಿ. ಆಗ ಪ್ರತಿ ಕೊಂಬೆಯ ದಪ್ಪ ನಿಮ್ಮ ಕೈಯಲ್ಲಿರುತ್ತದೆ. ಅರ್ಧ ಮಿಲಿಮೀಟರ್ ಗೋಡೆಯನ್ನು ಯಂತ್ರ ಬರೆಯಬಲ್ಲದು ನಿಜ. ಆದರೆ ಲೋಡ್ ಹೊರುವ ಸರಳಿಗೆ ಒಂದೂವರೆ ಎರಡು ಮಿಲಿಮೀಟರಿಗಿಂತ ಕಡಿಮೆ ನಾನು ಇಡುವುದಿಲ್ಲ. ನೆಟ್ಟಗೆ ನಿಂತ ತೆಳು ಸರಳಿನ ಎತ್ತರ ದಪ್ಪದ ಎಂಟು ಹತ್ತು ಪಟ್ಟು ದಾಟಿದರೆ ಪುಡಿ ಹರಡುವ ಬ್ಲೇಡೇ ಅದನ್ನು ಅಲುಗಾಡಿಸುತ್ತದೆ. ಕವಲೊಡೆಯುವ ಸಂದಿಗಳಿಗೆ ಧಾರಾಳವಾಗಿ ಫಿಲೆಟ್ (ದುಂಡಗಿನ ತಿರುವು) ಕೊಡಿ. ಉದ್ದ ತೆಳು ಸರಳು ಒತ್ತಡದಲ್ಲಿದ್ದರೆ ಬಕ್ಲಿಂಗ್ (ಒತ್ತಿದಾಗ ಥಟ್ಟನೆ ಪಕ್ಕಕ್ಕೆ ಬಾಗುವುದು) ಲೆಕ್ಕ ಬೇರೆಯಾಗಿ ಹಾಕಿ, ಮಾಮೂಲಿ ಆಪ್ಟಿಮೈಸೇಶನ್‌ಗೆ ಬಕ್ಲಿಂಗ್ ಅಂದರೇನು ಅಂತಲೇ ಗೊತ್ತಿಲ್ಲ.

"ಒಳಗೆ ಲ್ಯಾಟಿಸ್ ತುಂಬಿದರೆ ಇನ್ನೂ ಹಗುರ ಆಗಲ್ವಾ?" ಎಂದು ಕೊನೆಯಲ್ಲಿ ಕೇಳಿದ್ದೀರಿ. ಫೋಟೋಗೆ ಚೆಂದ. ಬಿಗಿತವೇ ಗುರಿಯಾಗಿದ್ದರೆ ಸಾಮಾನ್ಯವಾಗಿ ನಷ್ಟ. ಸರಳುಗಳು ಬಾಗುವ ರೀತಿಯ ಲ್ಯಾಟಿಸಿನಲ್ಲಿ ಬಿಗಿತ ಸಾಂದ್ರತೆಯ ವರ್ಗದಂತೆ ಇಳಿಯುತ್ತದೆ. ಶೇ. 20 ಲೋಹ ಇಟ್ಟರೆ ಸಿಗುವ ಬಿಗಿತ ಶೇ. 4ರ ಸುತ್ತಮುತ್ತ. ಅದೇ ಲೋಹವನ್ನು ಹೊರಗೋಡೆಗೆ ಹಾಕಿದ್ದರೆ ಎಷ್ಟೋ ಜಾಸ್ತಿ ಸಿಗುತ್ತಿತ್ತು. ಪೆಟ್ಟು ಹೀರಿಕೊಳ್ಳಬೇಕು, ಬಿಸಿ ಬಿಡಬೇಕು, ದೇಹದಲ್ಲಿ ಕೂರಿಸುವ ಭಾಗದೊಳಗೆ ಮೂಳೆ ಬೆಳೆಯಬೇಕು ಎಂದಾಗ ಲ್ಯಾಟಿಸ್ ಸರಿ. ಮೋಟಾರ್ ಬ್ರಾಕೆಟ್ಟಿಗಲ್ಲ. ಹಾಗಂತ ಪೂರ್ತಿ ಮುಚ್ಚಿದ ಟೊಳ್ಳು ಪೆಟ್ಟಿಗೆಯನ್ನೂ ಮಾಡಬೇಡಿ. ಬಿಗಿತಕ್ಕೆ ಅದು ತುಂಬ ಒಳ್ಳೆಯದು, ಆದರೆ ಒಳಗಿನ ಪುಡಿ ಹೊರಬರಲು ದಾರಿ ಬೇಕು. ದಾರಿಯಿಲ್ಲದ ಟೊಳ್ಳು ಅಂದರೆ ಪುಡಿ ತುಂಬಿದ ಗಿಲಕಿ. ತೂಕವೂ ಉಳಿಯುವುದಿಲ್ಲ.

ಟೈಟಾನಿಯಂಗೆ ಬದಲಾಯಿಸಲಾ ಎಂದೂ ಕೇಳಿದ್ದೀರಿ. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ. ಅಲ್ಯೂಮಿನಿಯಂ: ಬಿಗಿತ 70 ಗಿಗಾಪಾಸ್ಕಲ್, ಸಾಂದ್ರತೆ ಘನ ಸೆಂಟಿಮೀಟರಿಗೆ 2.67 ಗ್ರಾಂ. ಟೈಟಾನಿಯಂ 114, 4.43. ಉಕ್ಕು 200, 7.9. ಮೂರೂ 25–26ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಪ್ರಕೃತಿಯ ತಮಾಷೆ ಇದು. ಬಿಗಿತದ ಪ್ರಶ್ನೆಗೆ ಲೋಹ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಾಕತ್ತು, ಬಿಸಿ ತಡೆಯುವುದು, ಫೆಟೀಗ್ (ಮತ್ತೆ ಮತ್ತೆ ಬೀಳುವ ಲೋಡಿಗೆ ಲೋಹ ದಣಿಯುವುದು) ಮುಖ್ಯವಾದಾಗ ಟೈಟಾನಿಯಂ ಬರಲಿ.

ಬಾಗಿದ್ದು ಮತ್ತು ಬಿರುಕು ಬಿಟ್ಟದ್ದು, ಇವೆರಡರ ಲೆಕ್ಕ ಬಾಕಿ ಇದೆ. ಬಾಗಿದ್ದರಲ್ಲಿ ಪ್ರಿಂಟ್ ಮಾಡಿದವರ ಪಾಲೂ ಇದೆ. ಪದರ ಪದರವಾಗಿ ಕುಗ್ಗಿದ ಲೋಹದೊಳಗೆ ಒತ್ತಡ ಕಟ್ಟಿಕೊಂಡಿರುತ್ತದೆ. ಪ್ಲೇಟು ಹಿಡಿದಿರುವ ತನಕ ಗೊತ್ತಾಗುವುದಿಲ್ಲ. ಕತ್ತರಿಸಿದ ಕೂಡಲೇ ಸೆಟೆಯುತ್ತದೆ. ಅದಕ್ಕೇ ಪ್ಲೇಟಿನ ಮೇಲಿರುವಾಗಲೇ ಕುಲುಮೆಗೆ ಹಾಕಿ ಒತ್ತಡ ಇಳಿಸಬೇಕು, ಆಮೇಲೆ ಕತ್ತರಿಸಬೇಕು. ನಿಮ್ಮ ಭಾಗಕ್ಕೆ ಅದನ್ನು ಮಾಡಿಲ್ಲ ಎಂದೇ ನನ್ನ ಅನುಮಾನ, ಕೇಳಿ ನೋಡಿ. ಆದರೆ ಇಲ್ಲೊಂದು ಕೊಕ್ಕೆ ಇದೆ. ನಿಮ್ಮ ಮಿಶ್ರಲೋಹ, ಆ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ, ಪ್ರಿಂಟ್ ಆದ ಹಾಗೇ ಇದ್ದಾಗ ತುಂಬ ಗಟ್ಟಿ. ಅದನ್ನು 300 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಒತ್ತಡವೂ ಇಳಿಯುತ್ತದೆ, ಯೀಲ್ಡ್ ತಾಕತ್ತೂ (ಶಾಶ್ವತವಾಗಿ ಬಾಗದೆ ತಡೆಯುವ ಮಿತಿ) ಚೆನ್ನಾಗಿಯೇ ಇಳಿಯುತ್ತದೆ. ನೀವು ಲೆಕ್ಕಕ್ಕೆ ಹಿಡಿದದ್ದು ಕೈಪಿಡಿಯ ಯಾವ ಸಾಲಿನ ಅಂಕಿ? ಶಾಖ ಕೊಟ್ಟ ನಂತರದ್ದನ್ನೇ ಹಿಡಿಯಬೇಕು.

ಬಿರುಕು ಎಲ್ಲಿ ಶುರುವಾಯಿತು ಅಂತ ಲೆನ್ಸ್ ಹಿಡಿದು ನೋಡಿ. ಕೆಳಮುಖದಲ್ಲಿ, ಸಪೋರ್ಟ್ ಕಿತ್ತ ಕಲೆಯ ಹತ್ತಿರ ಇದ್ದರೆ ನನಗೆ ಆಶ್ಚರ್ಯವಿಲ್ಲ. ಪ್ರಿಂಟ್ ಆದ ಮೈ ಒರಟು, ಅದರಲ್ಲೂ ಕೆಳಮುಖ ಇನ್ನೂ ಒರಟು. ಮತ್ತೆ ಮತ್ತೆ ಬೀಳುವ ಲೋಡಿಗೆ ಆ ಪ್ರತಿ ಗುಳಿಯೂ ಬಿರುಕಿನ ಬಾಗಿಲು. ಒಳಗಿನ ರಂಧ್ರಗಳನ್ನು ಬಿಸಿ ಅನಿಲದ ಒತ್ತಡದಲ್ಲಿ ಮುಚ್ಚಬಹುದು, ಟೈಟಾನಿಯಂ ವಿಮಾನ ಭಾಗಗಳಿಗೆ ಹಾಗೆ ಮಾಡುತ್ತಾರೆ. ಆದರೆ ಮೈಗೆ ತೆರೆದುಕೊಂಡ ರಂಧ್ರ ಅದರಿಂದ ಮುಚ್ಚುವುದಿಲ್ಲ, ಯಾಕೆಂದರೆ ಅನಿಲ ಅದರೊಳಗೂ ಹೋಗುತ್ತದೆ. ಒರಟುತನವೂ ಹೋಗುವುದಿಲ್ಲ. ಅತಿ ಹೆಚ್ಚು ಎಳೆತ ಬೀಳುವ ಮುಖ ಕೆಳಮುಖ ಆಗದಂತೆ ಭಂಗಿ ಆರಿಸುವುದು, ಅಲ್ಲಿ ಸಪೋರ್ಟ್ ಮುಟ್ಟದಂತೆ ನೋಡುವುದು, ಆಗದಿದ್ದರೆ ಆ ಜಾಗವನ್ನು ಉಜ್ಜಿ ನಯ ಮಾಡುವುದು. ಇದಕ್ಕಿಂತ ಅಗ್ಗದ ಔಷಧಿ ಇಲ್ಲ.

ಯಾರೂ ಮೊದಲೇ ಯೋಚಿಸದ ಒಂದು ತಲೆಬಿಸಿ: ಈ ಬೇರು ಬಿಳಲಿನಂಥ ಆಕಾರವನ್ನು ಮೆಷಿನಿಂಗ್‌ಗೆ ಹಿಡಿಯುವುದು ಹೇಗೆ? ವೈಸಿನ ಬಾಯಿಗೆ ಸಮತಟ್ಟಾದ ಎರಡು ಮುಖ ಬೇಕು. ನಿಮ್ಮ ಬ್ರಾಕೆಟ್ಟಿನಲ್ಲಿ ಒಂದೂ ಇಲ್ಲ. ಕಾರು ಕಂಪನಿ ಬುಗಾಟಿ 2018ರಲ್ಲಿ ತೋರಿಸಿದ ಟೈಟಾನಿಯಂ ಬ್ರೇಕ್ ಕ್ಯಾಲಿಪರ್ ನೆನಪಿದೆಯಾ? 4.9 ಕಿಲೋ ಇದ್ದದ್ದು 2.9ಕ್ಕೆ ಇಳಿಯಿತು, 2,213 ಪದರ, 45 ಗಂಟೆ ಪ್ರಿಂಟ್. ಆಮೇಲೆ ಶಾಖ ಕೊಟ್ಟು, ಸಪೋರ್ಟ್ ತೆಗೆದು, ಐದು ಅಕ್ಷದ ಯಂತ್ರದಲ್ಲಿ ಇನ್ನೂ 11 ಗಂಟೆ ಮೆಷಿನಿಂಗ್. ಪ್ರಿಂಟ್ ಮುಗಿದರೆ ಕೆಲಸ ಮುಗಿಯಲಿಲ್ಲ. ನಿಮ್ಮ ಡಿಸೈನಿನಲ್ಲೂ ಮೆಷಿನ್ ಆಗುವ ಮುಖಗಳ ಮೇಲೆ ಒಂದು ಮಿಲಿಮೀಟರ್ ಜಾಸ್ತಿ ಲೋಹ ಬಿಡಿ. ಹಿಡಿಯಲು ಎರಡು ಮೂರು ಚೌಕ ಕಿವಿಗಳನ್ನು ಸೇರಿಸಿ, ಕೊನೆಯಲ್ಲಿ ಕತ್ತರಿಸಿ ಎಸೆಯಿರಿ. ಆ ಕಿವಿಗಳನ್ನು ಆಪ್ಟಿಮೈಸರ್ ಯಾವತ್ತೂ ಸೂಚಿಸುವುದಿಲ್ಲ. ಮೆಷಿನ್ ಶಾಪಿನವರು ಮೊದಲ ದಿನವೇ ಕೇಳುತ್ತಾರೆ, ಅದಕ್ಕೇ ಅವರನ್ನು ಮೊದಲ ದಿನವೇ ಕೂರಿಸಿಕೊಳ್ಳಿ.

ಇಷ್ಟೆಲ್ಲ ಮಾಡುವ ಬದಲು ಹಳೆಯ ಬ್ರಾಕೆಟ್ಟಿಗೇ ನಾಲ್ಕು ಕಿಟಕಿ ಕೊರೆದರೆ ಸಾಲದಾ? ಈ ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಹಲವು ಸಲ ಸಾಕಾಗುತ್ತದೆ. ಆಪ್ಟಿಮೈಸರಿನ ಕರಡನ್ನು ನೋಡಿ ಅದೇ ಜಾಗಗಳಲ್ಲಿ ಮಿಲ್ಲಿಂಗ್ ಯಂತ್ರದಲ್ಲಿ ಕಿಟಕಿ ತೆಗೆದು, ಅರ್ಧಕ್ಕೂ ಹೆಚ್ಚು ಉಳಿತಾಯವನ್ನು ಪ್ರಿಂಟೇ ಇಲ್ಲದೆ ಪಡೆದ ಕೆಲಸಗಳನ್ನು ನಾನೇ ಮಾಡಿದ್ದೇನೆ. ಪ್ರಿಂಟ್ ನಿಜವಾಗಿ ಗೆಲ್ಲುವುದು ಹಲವು ಭಾಗಗಳು ಒಂದಾಗುವಾಗ. ಜಿಇಯ ಲೀಪ್ ಎಂಬ ಜೆಟ್ ಎಂಜಿನ್ನಿನ ಇಂಧನ ನಾಝಲ್‌ನಲ್ಲಿ ಸುಮಾರು 20 ತುಂಡುಗಳು ಸೇರಿ ಒಂದಾದವು, ತೂಕ ಶೇ. 25 ಇಳಿಯಿತು. ಅಲ್ಲಿ ದೊಡ್ಡ ಲಾಭ ಗ್ರಾಂ ಲೆಕ್ಕದ್ದಲ್ಲ. 20 ತುಂಡುಗಳ ಜೋಡಣೆ, ಬೆಸುಗೆ, ಸೋರುವ ಕೀಲುಗಳು ಇಲ್ಲವಾದದ್ದು. ನಿಮ್ಮ ಮೋಟಾರ್ ಬ್ರಾಕೆಟ್ಟಿಗೆ ಕೇಬಲ್ ಕ್ಲಿಪ್ಪು, ಸೆನ್ಸರ್ ತಗಡು, ತಂಪುಗಾಳಿಯ ಕೊಳವೆ ಏನಾದರೂ ಬೋಲ್ಟ್ ಹಾಕಿ ಕೂತಿದೆಯಾ ನೋಡಿ. ಅವೂ ಒಳಗೆ ಸೇರುವುದಾದರೆ ಪ್ರಿಂಟ್ ಮಾಡಿ. ಇಲ್ಲದಿದ್ದರೆ ಒಮ್ಮೆ ಕಿಟಕಿಯ ಲೆಕ್ಕವನ್ನೂ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೀರ್ಮಾನಿಸಿ.

ಪ್ರಿಂಟೇ ಎಂದಾದರೆ, ಮುಂದಿನ ಪ್ಲೇಟಿನಲ್ಲಿ ಬ್ರಾಕೆಟ್ಟಿನ ಪಕ್ಕದಲ್ಲಿ ಆರು ಪರೀಕ್ಷಾ ಕಡ್ಡಿಗಳನ್ನೂ ಇಡಿಸಿ. ಮೂರು ಮಲಗಿದ್ದು, ಮೂರು ನಿಂತದ್ದು. ಬ್ರಾಕೆಟ್ಟಿನ ಜೊತೆಗೇ ಅವೂ ಕುಲುಮೆಗೆ ಹೋಗಿ ಬರಲಿ, ಮೈಯನ್ನು ನಯ ಮಾಡಬೇಡಿ. ಅವನ್ನು ಎಳೆದು ಮುರಿದು ಬಂದ ಅಂಕಿಗಳನ್ನು ಹಾಕಿ, ಸಿಎಡಿಯಲ್ಲಿ ಹೊಸದಾಗಿ ಕಟ್ಟಿದ ಮಾದರಿಯನ್ನು ಎಲ್ಲ ಲೋಡುಗಳಿಗೂ ಮತ್ತೊಮ್ಮೆ ಓಡಿಸಿ. ಕೈ ಲೋಡನ್ನು ಮರೆಯಬೇಡಿ.